ಬಿಗಿಯೂ ಬಿಡುವೂ: ಕುದುರೆ ಪಳಗಿಸುವ ಸಾಧನಗಳ ಮೀಮಾಂಸೆ

ವಿಷಯ

ನಮ್ಮ ಕೊಡಂಬಲದಲ್ಲಿ ಈಗ ಕುದುರೆ ನೋಡಬೇಕೆಂದರೆ ಮದುವೆಯ ದಿನಗಳಿಗೆ ಕಾಯಬೇಕು. ಟಾಂಗಾ ಹೋಗಿ ಆಟೋ ಬಂತು; ಉಳಿದದ್ದು ಬಾಡಿಗೆಗೆ ಬರುವ ಮೆರವಣಿಗೆಯ ಕುದುರೆ. ಕೆಲವು ವರ್ಷಗಳ ಹಿಂದೆ ಓಣಿಯ ಮದುವೆಯೊಂದಕ್ಕೆ ಬಿಳಿಯ ಹೆಣ್ಣುಗುದುರೆ ಬಂದಿತ್ತು. ಹಲಗಿಯ ಬಡಿತಕ್ಕೆ ಕಾಲೆತ್ತಿ ಕುಣಿಯಿತು. ಕತ್ತು ಕುಡುಗೋಲಿನ ಹಾಗೆ ಬಾಗಿ ಗದ್ದ ಎದೆಗೆ ತಾಗಿತ್ತು. "ಏನ್ ಛಂದ ಕುಣೀತದ ನೋಡ್ರಿ" ಎನ್ನುತ್ತ ಸುತ್ತಲಿದ್ದವರು ನೋಟು ನಿವಾಳಿಸಿದರು. ಅದರ ಬಾಯಿಂದ ಇಳಿಯುತ್ತಿದ್ದ ನೊರೆ ನಸುಗೆಂಪಾಗಿತ್ತು. ಮೆರವಣಿಗೆ ಮುಗಿದು ನೀರು ಕುಡಿಸಲು ಲಗಾಮು ಕಳಚಿದಾಗ ಕಡಿವಾಣ ಕಂಡಿತು. ಅದರ ಒಳಮೈಯಲ್ಲಿ ಸಾಲು ಮುಳ್ಳು. ಜೊತೆಗೆ ಮುಂಗಾಲುಗಳ ನಡುವಿನಿಂದ ಹಾದು ಹೊಟ್ಟೆಪಟ್ಟಿಗೆ ಬಿಗಿದಿದ್ದ ಇನ್ನೊಂದು ತೊಗಲಿನ ಪಟ್ಟಿ.

"ಚಾಚಾ, ಇದೆಲ್ಲಾ ಯಾಕ್ರಿ?" ಎಂದೆ.

"ಇದು ಇಲ್ಲಂದ್ರ ನಿಮ್ಮ ಮದುಮಗ ನೆಲದ ಮ್ಯಾಲ ಇರ್ತಾನ್ರಿ ಸರ" ಎಂದರು ಕುದುರೆಯ ಯಜಮಾನರು. ಮಾತಿನಲ್ಲಿ ಒರಟುತನ ಇರಲಿಲ್ಲ. ಹೇಳುತ್ತಲೇ ಅದರ ಹಣೆ ಸವರುತ್ತಿದ್ದರು. ಪೂರ್ವಪಕ್ಷ ಇಷ್ಟು ಚಿಕ್ಕದಾಗಿ, ಇಷ್ಟು ಗಟ್ಟಿಯಾಗಿ ಮತ್ತೆಲ್ಲೂ ನನಗೆ ಸಿಕ್ಕಿಲ್ಲ.

ಚಾಚಾನ ಕೈಯಲ್ಲಿದ್ದ ಪಟ್ಟಿಗೂ ಯುರೋಪಿನ ಸವಾರಿ ಶಾಲೆಗಳ ಬೆಲೆಬಾಳುವ ಪಟ್ಟಿಗಳಿಗೂ ಕುಲ ಒಂದೇ. ಕುದುರೆಯ ತಲೆ ಮೇಲೇಳದಂತೆ ಕೆಳಗಿನಿಂದ ಹಿಡಿಯುವುದಕ್ಕೆ ನಮ್ಮ ಕಡೆ ಜೇರಬಂದ್ ಎನ್ನುತ್ತಾರೆ, ಅವರು ಮಾರ್ಟಿಂಗೇಲ್ ಎನ್ನುತ್ತಾರೆ. ಕಡಿವಾಣದ ಎರಡೂ ಬಳೆಗಳನ್ನು ಪಕ್ಕೆಗೆ ಕಟ್ಟಿದರೆ ಸೈಡ್ ರೇನ್. ಹೊಟ್ಟೆಪಟ್ಟಿಯಿಂದ ಹೊರಟು ಬಳೆಯೊಳಗೆ ತೂರಿ ಸವಾರನ ಕೈಗೆ ಬಂದರೆ ಡ್ರಾ ರೇನ್. ಬಾಯಿ ತೆರೆಯದಂತೆ ಮೂಗಿನ ಮೇಲೆ ಬಿಗಿಯುವ ಪಟ್ಟಿ ಬೇರೆ. ಚಾಬೂಕು ಮತ್ತು ಹಿಮ್ಮಡಿಯ ಮುಳ್ಳು ಎಲ್ಲರಿಗೂ ಗೊತ್ತಿದ್ದದ್ದೇ. ಜೀನು, ಸಾದಾ ಕಡಿವಾಣ, ಸವಾರನ ಕೂರುವಿಕೆ, ಕಾಲು, ದನಿ ಇಷ್ಟನ್ನು ಬಿಟ್ಟು ಕುದುರೆಗೆ ಕಲಿಸಲೆಂದು ಸೇರಿಸುವ ಎಲ್ಲವನ್ನೂ ಇಲ್ಲಿ ಸಾಧನ ಎಂದು ಕರೆಯುತ್ತೇನೆ.

ಕೊಡಂಬಲದಂಥ ಊರಲ್ಲಿ ಕೂತು ಕುದುರೆಯ ಮೀಮಾಂಸೆ ಬರೆಯುವುದು ಹುಡುಗಾಟ ಅನಿಸಬಹುದು. ಆದರೆ ಬಸವಕಲ್ಯಾಣ ನಮಗೆ ನೆರೆಯೂರು. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಮುಗಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳನ್ನು ಪಳಗಿಸಿ ಬಯಲಲ್ಲಿ ಓಡಿಸಿ ಆಡಿಸುವ ವಾಜಿವಾಹ್ಯಾಲಿ ಎಂಬ ವಿನೋದಕ್ಕೇ ಒಂದು ಅಧ್ಯಾಯವಿದೆ. ಅವನ ತಂದೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡುವ ಕ್ರಮ ಆ ಗ್ರಂಥದ ಬೆನ್ನೆಲುಬು. ಇನ್ನು ಆಳಂದ. ಸುಮಾರು 1470ರ ಆಸುಪಾಸಿನಲ್ಲಿ ಒಂದೇ ಒಂದು ಕುದುರೆಯನ್ನು ಹಡಗಿನಲ್ಲಿ ತಂದು ಕಡೆಗೆ ಬೀದರಿನಲ್ಲಿ ಮಾರಿದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಆಳಂದದ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಬರೆದಿಟ್ಟಿದ್ದಾನೆ. ವ್ಯಾಪಾರಿಯ ಲೆಕ್ಕ, ಅರ್ಧ ಕಳೆದರೂ ಹತ್ತು ಸಾವಿರ. ಅಷ್ಟು ಕುದುರೆ ಕಂಡ ನೆಲದವರಿಗೆ ಈ ಚರ್ಚೆ ಪರಕೀಯವಲ್ಲ.

ಸಂಶಯ

ಪಳಗಿಸುವಾಗ ಇಂಥ ಸಾಧನ ಬಳಸುವುದು ಸರಿಯೋ ತಪ್ಪೋ? ಎಲ್ಲವೂ ಸರಿ ಎಂದರೆ ಮುಳ್ಳಿನ ಕಡಿವಾಣವನ್ನೂ ಒಪ್ಪಬೇಕಾಗುತ್ತದೆ. ಎಲ್ಲವೂ ತಪ್ಪು ಎಂದರೆ ಅದೇ ತರ್ಕದಲ್ಲಿ ಸಾದಾ ಕಡಿವಾಣಕ್ಕೂ ಜಾಗವಿರುವುದಿಲ್ಲ, ಸವಾರಿಯೇ ನಿಲ್ಲಬೇಕಾಗುತ್ತದೆ. ನಡುವೆ ಗೆರೆ ಇರುವುದಾದರೆ ಎಲ್ಲಿ?

ಪೂರ್ವಪಕ್ಷ

ಸಾಧನದ ಪರವಾಗಿ ಮಾತಾಡುವವರೆಲ್ಲ ಕಟುಕರು ಎಂದು ತಿಳಿದವರು ಆ ವಾದವನ್ನು ಸರಿಯಾಗಿ ಕೇಳಿಲ್ಲ. ಅವರು ಹೇಳುವುದು ಹೀಗೆ. ಕುದುರೆ ಸುಮಾರು ನಾನೂರು ಕಿಲೋ ತೂಗುವ, ಹೆದರಿದರೆ ಮೊದಲು ಓಡಿ ಆಮೇಲೆ ಯೋಚಿಸುವ ಪ್ರಾಣಿ. ಅದು ತಲೆ ಎತ್ತಿ ಬೆನ್ನು ಕುಗ್ಗಿಸಿ ನಡೆದರೆ ಸವಾರನ ಭಾರವೆಲ್ಲ ಬೆನ್ನಿನ ಮೇಲೆಯೇ ಬಿದ್ದು ಬೆನ್ನು ಕೆಡುತ್ತದೆ. ತಲೆ ಇಳಿಸಿ ಬೆನ್ನು ಎತ್ತಿ ನಡೆಯಲು ಕಲಿತರೆ ಅದಕ್ಕೇ ಹಿತ. ಕಲಿಸಬೇಕಾದ ಸವಾರನೋ ಹೊಸಬ. ಅವನ ಕೈ ಕುದುರೆಯ ಪ್ರತಿ ಹೆಜ್ಜೆಗೂ ಕುಲುಕುತ್ತದೆ, ಕಡಿವಾಣ ಬಾಯಲ್ಲಿ ಎಗರಾಡುತ್ತದೆ. ಅದಕ್ಕಿಂತ ಅಲುಗಾಡದ ತೊಗಲಿನ ಪಟ್ಟಿಯೇ ಮೃದು. ಪಟ್ಟಿಗೆ ಸಿಟ್ಟು ಬರುವುದಿಲ್ಲ, ಹೆದರಿಕೆ ಇಲ್ಲ, ದಣಿವಿಲ್ಲ. ಕಟ್ಟಿದ ಜಾಗದಲ್ಲೇ ಇರುತ್ತದೆ. ಹಾಗಾಗಿ ಸಾಧನವೆಂದರೆ ಕೆಟ್ಟ ಕೈಯಿಂದ ಕುದುರೆಗೆ ಸಿಗುವ ರಕ್ಷಣೆ.

ಇದರ ಹಿಂದೆಯೇ ಹೊಟ್ಟೆಪಾಡಿನ ಮಾತು ಬರುತ್ತದೆ. ಯುರೋಪಿನ ಶಾಲೆಯಲ್ಲಿ ಒಂದು ಕುದುರೆಯನ್ನು ತಯಾರು ಮಾಡಲು ವರ್ಷಗಟ್ಟಲೆ ಸಮಯವಿದೆ. ಮೆರವಣಿಗೆಯ ಕುದುರೆಯವನಿಗೆ ಮದುವೆಯ ಕೆಲವೇ ತಿಂಗಳು ದುಡಿಮೆ. ಹೊಟ್ಟು, ಕಡಲೆ, ನಾಲು, ಔಷಧಿಯ ಖರ್ಚು ಹನ್ನೆರಡೂ ತಿಂಗಳು. ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆಯಲ್ಲಿ ಸಾಲ ಮಾಡಿ ಕೊಂಡ ಮರಿಗುದುರೆ ಮುಂದಿನ ಲಗ್ನಗಳಿಗೆ ಡಿಜೆಯ ಮುಂದೆ ನಿಲ್ಲಬೇಕು. ತಾಳ್ಮೆಯ ಪಾಠ ಹೇಳುವವರು ಆ ಕುದುರೆಗೆ ಒಂದು ದಿನದ ಮೇವನ್ನಾದರೂ ಹಾಕಿದ್ದಾರೆಯೇ?

ಪ್ರಶ್ನೆ ನ್ಯಾಯವಾದದ್ದೇ. ನಾನು ಹಾಕಿಲ್ಲ.

ಸಿದ್ಧಾಂತ

ಮೀಮಾಂಸಕರು ಯಜ್ಞದ ಭತ್ತ ಕುಟ್ಟುವ ವಿಷಯದಲ್ಲಿ ಒಂದು ಮಾತು ಇತ್ಯರ್ಥ ಮಾಡಿದ್ದಾರೆ. ಕುಟ್ಟಬೇಕೆಂದು ವಿಧಿ ಇದೆ. ಎಷ್ಟು ಹೊತ್ತು? ಸಿಪ್ಪೆ ಹೋಗುವವರೆಗೆ. ಕುಟ್ಟುವುದರ ಫಲ ಕಣ್ಣಿಗೆ ಕಾಣುವಂಥದ್ದು. ಅದು ಕಂಡ ಮೇಲೆ ಒನಕೆ ಎತ್ತಿದರೆ ಅಕ್ಕಿ ನುಚ್ಚಾಗುತ್ತದೆ. ಒನಕೆ ಅಂಗ, ಅಂದರೆ ನೆರವು; ಅಕ್ಕಿ ಅಂಗಿ, ಅಂದರೆ ಗುರಿ. ಸಾಧನಕ್ಕೂ ನನ್ನ ಅಳತೆ ಇದೇ. ಕುದುರೆ ತನ್ನ ನಡತೆಯಿಂದಲೇ ಸುಮ್ಮನಾಗಿಸಬಲ್ಲ, ದಿನ ಕಳೆದಂತೆ ಬೇಡವಾಗುತ್ತ ಹೋಗುವ ಸಾಧನವೇ ಕಲಿಸುವ ಸಾಧನ. ಈ ಎರಡು ಗುಣಗಳಲ್ಲಿ ಒಂದು ತಪ್ಪಿದರೂ ಅದು ಕಟ್ಟಿಹಾಕುವ ಸಾಧನ. ಮೊದಲನೆಯದಕ್ಕೆ ಒಪ್ಪಿಗೆ, ಎರಡನೆಯದಕ್ಕೆ ಇಲ್ಲ. ಗಾಯ ಮಾಡುವ ಸಾಧನ ಈ ವಿಚಾರದೊಳಗೇ ಬರುವುದಿಲ್ಲ, ಅದು ಹೊರಗೆ.

ಹೀಗೇಕೆ ಎನ್ನುವುದಕ್ಕೆ ಕುದುರೆಯ ಬಾಯನ್ನೇ ನೋಡಬೇಕು. ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಖಾಲಿ ವಸಡು ಇದೆ. ಕಡಿವಾಣ ಕೂರುವುದು ಅಲ್ಲಿ. ತೆಳ್ಳಗಿನ ಚರ್ಮ, ಅದರ ಕೆಳಗೆ ನೇರ ಎಲುಬು. ಅಷ್ಟು ಸೂಕ್ಷ್ಮವಾದ ಜಾಗವಾದ್ದರಿಂದಲೇ ಒಳ್ಳೆಯ ಸವಾರ ಎರಡು ಬೆರಳ ಅಲುಗಾಟದಲ್ಲಿ ಕುದುರೆಯನ್ನು ತಿರುಗಿಸಬಲ್ಲ. ಕುದುರೆ ಕಲಿಯುವುದು ಒತ್ತಡದಿಂದ ಎಂದು ನಾವು ತಿಳಿಯುತ್ತೇವೆ; ನಿಜವಾಗಿ ಕಲಿಯುವುದು ಒತ್ತಡ ಬಿಟ್ಟ ಗಳಿಗೆಯಿಂದ. ಲಗಾಮು ಬಿಗಿಯಾಯಿತು, ಕುದುರೆ ನಿಂತಿತು, ಆ ಕ್ಷಣವೇ ಲಗಾಮು ಸಡಿಲವಾಯಿತು. ನಿಂತರೆ ಬಿಡುವು ಸಿಗುತ್ತದೆ ಎಂಬುದನ್ನು ಅದು ನೆನಪಿಡುತ್ತದೆ. ನಿಂತ ಮೇಲೂ ಬಿಗಿ ಇಳಿಯದಿದ್ದರೆ ನಿಲ್ಲುವುದಕ್ಕೂ ಬಿಗಿಗೂ ಸಂಬಂಧವಿಲ್ಲ ಎಂಬ ಪಾಠ ಸಿಗುತ್ತದೆ. ಆಗ ಬಾಯಿ ಸತ್ತುಹೋಗುತ್ತದೆ. ಸತ್ತ ಬಾಯಿಗೆ ಇನ್ನೂ ಚೂಪಾದ ಕಡಿವಾಣ ಬೇಕು, ಅದಕ್ಕೂ ಒಗ್ಗಿದ ಮೇಲೆ ಮುಳ್ಳು. ಚಾಚಾನ ಕೈಗೆ ಆ ಮುಳ್ಳು ಬಂದದ್ದು ಒಂದೇ ದಿನದಲ್ಲಲ್ಲ. ಹಿಂದಿನ ಮೂರು ನಾಲ್ಕು ಯಜಮಾನರು ಸೇರಿ ಅದನ್ನು ಅಲ್ಲಿಗೆ ತಂದರು.

ಡ್ರಾ ರೇನ್ ವಿಷಯದಲ್ಲಿ ಬಾವಿಯ ರಾಟೆಯ ಲೆಕ್ಕವೂ ಸೇರುತ್ತದೆ. ಪಟ್ಟಿಯ ಒಂದು ತುದಿ ಹೊಟ್ಟೆಪಟ್ಟಿಗೆ ಕಟ್ಟಿದೆ, ಕಡಿವಾಣದ ಬಳೆಯೊಳಗೆ ತೂರಿ ಇನ್ನೊಂದು ತುದಿ ಕೈಗೆ ಬಂದಿದೆ. ಬಳೆ ಈಗ ರಾಟೆ. ಸವಾರ ಎಳೆದ ಬಲ ಬಾಯಿಗೆ ಸುಮಾರು ಇಮ್ಮಡಿಯಾಗಿ ಮುಟ್ಟುತ್ತದೆ. ಕೈಗೆ ಗೊತ್ತಾಗುವುದು ಅರ್ಧ, ಬಾಯಿ ಅನುಭವಿಸುವುದು ಪೂರ್ತಿ. ತಲೆ ಎದೆಗೆ ಬಂದ ಮೇಲೆ ಮತ್ತೆರಡು ತೊಂದರೆ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ನಮ್ಮ ಹಾಗೆ ಬಾಯಿ ತೆರೆದು ಏದುಸಿರು ಬಿಡಲಾರದು. ಗಂಟಲು ಮಡಚಿದಷ್ಟೂ ಗಾಳಿಯ ದಾರಿ ಕಿರಿದು. ಹಣೆ ನೆಲದ ಕಡೆ ತಿರುಗಿದರೆ ನೇರ ಎದುರಿಗಿರುವುದು ಕಾಣುವುದಿಲ್ಲ. ಉಸಿರು ಸಾಲದ, ದಾರಿ ಕಾಣದ ಪ್ರಾಣಿ ಕಾಲು ಎತ್ತೆತ್ತಿ ಇಡುವುದನ್ನು ನಾವು ಕುಣಿತ ಎನ್ನುತ್ತಿದ್ದೇವೆ.

ನನ್ನ ಅಳತೆಗೋಲು ಹೊಸದೂ ಅಲ್ಲ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ಡ್ರೆಸ್ಸಾಜ್ ಎಂಬ, ಪಳಗಿದ ಕುದುರೆಯ ನಡೆಯನ್ನು ಪರೀಕ್ಷಿಸುವ ಸ್ಪರ್ಧೆಯ ಕಣದಲ್ಲಿ ಮಾರ್ಟಿಂಗೇಲ್, ಸೈಡ್ ರೇನ್, ಡ್ರಾ ರೇನ್ ಯಾವುದಕ್ಕೂ ಪ್ರವೇಶವಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಡ್ರೆಸ್ಸಾಜ್ ಚಿನ್ನ ಗೆದ್ದದ್ದು ಆ ನಿಯಮದ ಅಡಿಯಲ್ಲೇ. ಪರೀಕ್ಷೆಯ ಹೊತ್ತಿಗೆ ಬಿಚ್ಚಿಡಬೇಕಾದದ್ದನ್ನು ಪಾಠದ ಹೊತ್ತಿಗೆ ಕಟ್ಟುವುದಾದರೆ, ಬಿಚ್ಚುವ ದಿನ ಯಾವುದೆಂದು ಕಟ್ಟುವವನಿಗೆ ಮೊದಲ ದಿನವೇ ಗೊತ್ತಿರಬೇಕು.

ಆಕ್ಷೇಪಗಳು

ಕೆಟ್ಟ ಕೈಗಿಂತ ಪಟ್ಟಿ ಮೇಲು ಎಂಬ ಮಾತಿಗೆ ಮೊದಲು ಉತ್ತರ ಹೇಳಬೇಕು, ಅದೇ ಬಲವಾದದ್ದು. ಅರ್ಧ ಒಪ್ಪುತ್ತೇನೆ. ಸವಾರನಿಲ್ಲದೆ ಉದ್ದ ಹಗ್ಗದಲ್ಲಿ ಸುತ್ತು ತಿರುಗಿಸುವಾಗ, ಕುದುರೆ ತಲೆ ತನ್ನ ಸಹಜ ಜಾಗದಲ್ಲಿಟ್ಟರೆ ಪೂರ್ತಿ ಸಡಿಲವಾಗಿ ತೂಗುವಷ್ಟು ಉದ್ದದ ಸೈಡ್ ರೇನ್ ನನ್ನ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕುದುರೆ ತಾನೇ ಅದನ್ನು ಸುಮ್ಮನಾಗಿಸಬಲ್ಲದು. ಹೊಸ ಸವಾರ ಹಿಡಿದುಕೊಳ್ಳಲೆಂದು ಕುದುರೆಯ ಕತ್ತಿಗೆ ಕಟ್ಟುವ ಪಟ್ಟಿಯೂ ಅಷ್ಟೇ, ಅದು ಬಾಯಿಯನ್ನು ಮುಟ್ಟುವುದೇ ಇಲ್ಲ. ಉಳಿದ ಅರ್ಧವನ್ನು ಒಪ್ಪಲಾರೆ. ಕೆಟ್ಟ ಕೈಯಾದರೂ ಒಮ್ಮೆ ಮರೆತು ಸಡಿಲವಾಗುತ್ತದೆ, ಕುದುರೆ ಎಡವಿದಾಗ ಗಾಬರಿಯಲ್ಲಾದರೂ ಬಿಟ್ಟುಬಿಡುತ್ತದೆ. ಬಿಗಿದ ಪಟ್ಟಿಗೆ ಆ ಮರೆವೂ ಇಲ್ಲ. ಎಡವಿದ ಕುದುರೆ ಏಳಬೇಕಾದರೆ ಕತ್ತು ಚಾಚಬೇಕು. ಚಾಚಲು ಬಿಡದ ಪಟ್ಟಿ ಅದನ್ನು ಸವಾರನ ಸಮೇತ ಕೆಡವುತ್ತದೆ. ಮದುಮಗ ನೆಲಕ್ಕೆ ಬರುವ ಒಂದು ದಾರಿ ಇದೂ ಹೌದು.

ಮತ್ತೆ ಕೇಳುತ್ತಾರೆ: ಶಾಸ್ತ್ರಗಳೇ ಚಾಬೂಕು ಒಪ್ಪಿವೆಯಲ್ಲ? ಒಪ್ಪಿವೆ. ನಮ್ಮ ಅಶ್ವಶಾಸ್ತ್ರದ ಪರಂಪರೆ ಯಾವ ತಪ್ಪಿಗೆ ಮೈಯ ಯಾವ ಜಾಗಕ್ಕೆ ಏಟು ಎಂದು ಗೊತ್ತುಮಾಡುತ್ತದೆ. ಕೆನೆದದ್ದಕ್ಕೆ ಒಂದು ಜಾಗ, ಎಡವಿದ್ದಕ್ಕೆ ಇನ್ನೊಂದು, ದಾರಿ ಬಿಟ್ಟದ್ದಕ್ಕೆ ಮತ್ತೊಂದು. ಜಾಗ ತಪ್ಪಿ ಹೊಡೆದರೆ ಕುದುರೆ ಕೆಡುತ್ತದೆಂದೂ ಎಚ್ಚರಿಸುತ್ತದೆ. ಹೆದರಿದ ಕುದುರೆಗೆ ಎದೆಗೆ ಏಟು ಎಂಬ ಮಾತನ್ನು ಇಂದು ಯಾರೂ ಪಾಲಿಸಬಾರದು. ಹೆದರಿದ ಪ್ರಾಣಿಗೆ ಹೊಡೆದರೆ ಹೆದರಿಕೆಗೆ ಕಾರಣ ಸಿಕ್ಕಂತಾಗುತ್ತದೆ. ಆದರೆ ಆ ನಿಯಮಗಳ ಗುಣ ಗಮನಿಸಿ. ಅವು ಏಟಿಗೆ ಮೇರೆ ಹಾಕುತ್ತಿವೆ. ಜಾಗ, ಹೊತ್ತು, ಕಾರಣ ಮೂರೂ ಕೂಡಿದಾಗ ಮಾತ್ರ ಅನುಮತಿ. ಮೀಮಾಂಸೆಯಲ್ಲಿ ಇದಕ್ಕೆ ಪರಿಸಂಖ್ಯೆ ಎನ್ನುತ್ತಾರೆ: ಇಷ್ಟಕ್ಕೆ ಅನುಮತಿ ಎಂದಾಗ ಮಾತಿನ ತಾತ್ಪರ್ಯ ಉಳಿದದ್ದರ ನಿಷೇಧ. ಮೆರವಣಿಗೆಯ ಎರಡು ತಾಸೂ ಕಾರಣವಿಲ್ಲದೆ ಬಾಯಿ ಕಚ್ಚುವ ಮುಳ್ಳಿಗೆ ಸೋಮೇಶ್ವರನ ಕಾಲದ ಯಾವ ಶಾಸ್ತ್ರವೂ ಆಸರೆಯಾಗದು.

ಓದಿದವರು ಇದಕ್ಕಿಂತ ಚೂಪಾದ ಆಕ್ಷೇಪ ತರಬಹುದು. ಇಪ್ಪತ್ತಮೂರು ಶತಮಾನಗಳಿಗೂ ಹಿಂದೆ ಗ್ರೀಸಿನ ಸೆನೊಫೋನ್ ಸವಾರಿಯ ಮೇಲೆ ಬರೆದ. ಸೌಮ್ಯ ಪಳಗಿಸುವಿಕೆಯ ಮೂಲಪುರುಷ ಅಂತ ಅವನನ್ನೇ ಎಲ್ಲರೂ ನೆನೆಯುತ್ತಾರೆ. ಅವನೇ ಎರಡು ಕಡಿವಾಣ ಇಟ್ಟುಕೊಳ್ಳಲು ಹೇಳಿದ್ದಾನೆ, ಒಂದು ನುಣುಪು, ಇನ್ನೊಂದು ಮುಳ್ಳಿನದು. ಹೌದು, ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅವನ ಉದ್ದೇಶ, ಮುಳ್ಳಿನದರ ಅನುಭವವಾದ ಕುದುರೆ ನುಣುಪಾದದ್ದರಲ್ಲಿ ಹಗುರವಾಗಿ ನಡೆಯಲಿ ಎಂಬುದು. ಅಂದರೆ ಅವನ ಮುಳ್ಳಿಗೂ ತೆಗೆದಿಡುವ ದಿನವೊಂದಿತ್ತು. ಆದರೂ ಇಲ್ಲಿ ಸೆನೊಫೋನ್ ತಪ್ಪಿದ ಎಂದೇ ನನ್ನ ತೀರ್ಮಾನ. ನೋವು ಎಷ್ಟು ಹೊತ್ತಿಗೆ ನಿಲ್ಲುತ್ತದೆಂಬ ಲೆಕ್ಕ ನೋವು ಕೊಡುವವನ ಕೈಯಲ್ಲೇ ಇದ್ದರೆ ಅದು ಬಹಳ ದಿನ ನೆಟ್ಟಗಿರುವುದಿಲ್ಲ. 2024ರ ಜುಲೈಯಲ್ಲಿ, ಮೂರು ಒಲಿಂಪಿಕ್ ಚಿನ್ನ ಗೆದ್ದ ಬ್ರಿಟನ್ನಿನ ಶಾರ್ಲಟ್ ದುಜಾರ್ಡಿನ್ ಪಾಠದ ಹೊತ್ತಿಗೆ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಬೂಕು ಬೀಸಿದ ವಿಡಿಯೋ ಹೊರಬಿದ್ದು ಪ್ಯಾರಿಸ್ ಕೂಟದಿಂದ ಹಿಂದೆ ಸರಿಯಬೇಕಾಯಿತು. ಒಂದು ವರ್ಷದ ನಿಷೇಧವೂ ಬಿತ್ತು. ಅಷ್ಟು ಕಲಿತ ಕೈಗೇ ಲೆಕ್ಕ ತಪ್ಪಿತು.

ಕೊಡಂಬಲದ ರೈತರು ಎತ್ತುವ ಆಕ್ಷೇಪ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಎತ್ತಿಗೆ ಮೂಗುದಾರ ಹಾಕುವುದಿಲ್ಲವೇ? ಬಾರುಕೋಲು ಹಿಡಿಯುವುದಿಲ್ಲವೇ? ಕುದುರೆಗೆ ಮಾತ್ರ ಯಾಕೆ ಈ ಮರುಕ? ಉತ್ತರಕ್ಕೆ ಹೊಲಕ್ಕೇ ಹೋಗೋಣ. ಬಿತ್ತುವ ಹೊತ್ತಿನಲ್ಲಿ ಪಳಗಿದ ಎತ್ತಿನ ಮೂಗುದಾರ ನೋಡಿ: ಹಗ್ಗ ಜೋಲುಬಿದ್ದಿರುತ್ತದೆ. ಸಾಲು ಮುಗಿದು ತಿರುಗುವಾಗ ಕೈ ತುಸು ಎಳೆಯುತ್ತದೆ, ಎತ್ತು ತಿರುಗುತ್ತದೆ, ಹಗ್ಗ ಮತ್ತೆ ಜೋಲುತ್ತದೆ. ಹಗ್ಗ ಸದಾ ಬಿಗಿಯಾಗಿರುವ ಎತ್ತನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಇನ್ನು ಹೋರಿಯನ್ನು ನೊಗಕ್ಕೆ ಹಚ್ಚುವ ರೀತಿ ನೋಡಿ. ಎರಡು ಎಳೆಯ ಹೋರಿಗಳನ್ನು ಒಂದೇ ನೊಗಕ್ಕೆ ಹೂಡುವ ದಡ್ಡ ಯಾವ ಊರಲ್ಲೂ ಇಲ್ಲ. ವಯಸ್ಸಾದ, ಸಮಾಧಾನದ ಎತ್ತಿನ ಜೋಡಿಗೆ ಹಾಕಿ, ಹಿಂದೆ ಕೊರಡು ಕಟ್ಟಿ, ಉತ್ತ ಮೆತ್ತನೆಯ ಹೊಲದಲ್ಲಿ ಸುತ್ತಾಡಿಸುತ್ತಾರೆ. ಹೋರಿ ಎಗರಿದರೆ ಮುದಿ ಎತ್ತು ಅಲುಗದೆ ನಿಲ್ಲುತ್ತದೆ. ಹೋರಿ ನಡೆದರೆ ತಾನೂ ನಡೆಯುತ್ತದೆ. ಆ ಮುದಿ ಎತ್ತು ನಾನು ಕಂಡ ಸಾಧನಗಳಲ್ಲೆಲ್ಲ ಮೇಲಾದದ್ದು. ಬಿಗಿ ಎಷ್ಟು ಬೇಕೋ ಅಷ್ಟು, ಬಿಡುವು ಬೇಕಾದ ಗಳಿಗೆಗೆ, ದಿನಕ್ಕೊಂದಿಷ್ಟು ಹೊತ್ತು. ಹಂಗಾಮು ಮುಗಿಯುವುದರೊಳಗೆ ಹೋರಿಗೆ ಅದರ ಹಂಗೂ ಇಲ್ಲ. ಬೆಂಗಳೂರಿನ ಸವಾರಿ ಶಾಲೆಗಳಲ್ಲೂ ಹೊಸಬರನ್ನು ಕೂರಿಸುವುದು ಅನುಭವಿ ಮುದಿ ಕುದುರೆಯ ಮೇಲೆಯೇ. ರೈತನ ಪ್ರಶ್ನೆ ನನ್ನನ್ನು ಸೋಲಿಸಲಿಲ್ಲ, ನನಗೆ ಬೇಕಾದ ಸಾಕ್ಷಿಯನ್ನೇ ಕೊಟ್ಟಿತು. ಬಾರುಕೋಲಿನ ತುದಿಗೆ ಮೊಳೆ ಹೊಡೆದವನ ಪರವಾಗಿ ಮಾತ್ರ ನನ್ನಲ್ಲಿ ಮಾತಿಲ್ಲ.

ಸವಾರಿಯೇ ಹಿಂಸೆ, ಎಲ್ಲ ಬಿಟ್ಟುಬಿಡಿ ಎನ್ನುವವರಿಗೆ ಇಲ್ಲಿ ದೀರ್ಘ ಉತ್ತರ ಕೊಡುವುದಿಲ್ಲ. ಅವರ ಅಧಿಕರಣ ಬೇರೆ. ಸವಾರಿ ಇರುತ್ತದೆ ಎಂದಿಟ್ಟುಕೊಂಡರೆ ಹೇಗಿರಬೇಕು ಎಂಬಷ್ಟೇ ಇಲ್ಲಿನ ವಿಷಯ.

ಹೊಟ್ಟೆಪಾಡಿನ ಮಾತು ಉಳಿದಿದೆ. ಚಾಚಾಗೆ ಸಮಯವಿಲ್ಲ ಎಂಬುದು ನಿಜ. ಆದರೆ ಕಟ್ಟಿಹಾಕಿ ಉಳಿಸಿದ ಸಮಯ ಸಾಲದ ಹಾಗೆ, ಬಡ್ಡಿ ಕಟ್ಟುವುದು ಕುದುರೆ. ಬಾಯಿ ಹುಣ್ಣಾದ ಕುದುರೆ ಮೇವು ಅಗಿಯಲಾರದು, ಮೈ ಇಳಿಯುತ್ತದೆ, ಜಾತ್ರೆಯಲ್ಲಿ ಅರ್ಧ ಬೆಲೆಗೆ ಹೋಗುತ್ತದೆ. ಕೊಳ್ಳುವವನು ಮೊದಲು ಬಾಯಿ ತೆರೆದು ನೋಡುವುದು ಹಲ್ಲಿನ ಲೆಕ್ಕಕ್ಕೆ ಮಾತ್ರವಲ್ಲವಲ್ಲ. ಇನ್ನೊಂದು ಮಾತು ಚಾಚಾನ ಪರವಾಗಿ ಹೇಳಲೇಬೇಕು. ಮುಳ್ಳು ಬೇಕಾದದ್ದು ಕುದುರೆಗೋ ನಮಗೋ? ಕಿವಿಯ ಪಕ್ಕ ಡಿಜೆ, ಕಾಲಡಿ ಪಟಾಕಿ, ಎಂದೂ ಕುದುರೆ ಹತ್ತದ ಮದುಮಗ, ಅವನ ಮುಂದೆ ಕೂರಿಸಿದ ಅಳಿಯನೋ ತಮ್ಮನೋ ಒಂದು ಮಗು. ಇಂಥದ್ದರ ನಡುವೆ ನಿಲ್ಲುವ ಕುದುರೆಯನ್ನು ಆರು ತಿಂಗಳಲ್ಲಿ ಯಾರೂ ಸಾಧನವಿಲ್ಲದೆ ತಯಾರು ಮಾಡಲಾರರು. ಬೇಡಿಕೆ ನಮ್ಮದು, ಮುಳ್ಳು ಅವರ ಕೈಯಲ್ಲಿ.

ಕಾನೂನಿನ ಮಾತನ್ನು ಕಡೆಗೆ ಇಟ್ಟಿದ್ದೇನೆ, ಏಕೆಂದರೆ ಅದು ಬಹಳ ಹಿಂದೆಯೇ ಇತ್ಯರ್ಥವಾಗಿದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆಯಲು ಬಂದ 1965ರ ಕೇಂದ್ರ ನಿಯಮಗಳಲ್ಲಿ ಎಂಟನೆಯದು ಮುಳ್ಳಿನ ಕೋಲು, ಮುಳ್ಳಿನ ಕಡಿವಾಣ, ಗಾಯ ಮಾಡುವ ಯಾವುದೇ ಸಲಕರಣೆಯನ್ನು ನಿಷೇಧಿಸಿದೆ. ಮೂಲ ಕಾಯ್ದೆ 1960ರದು. ಹಿಂಸೆಯ ಮೊದಲ ಅಪರಾಧಕ್ಕೆ ಅದರ ಹನ್ನೊಂದನೆಯ ಕಲಮಿನ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಭಜಿ ತಿಂದು ಚಹಾ ಕುಡಿದರೆ ಆ ದಂಡದ ದುಡ್ಡು ಮುಗಿಯುತ್ತದೆ. ಅಂಥ ಕಾನೂನನ್ನು ನಂಬಿ ಕೂರುವುದಕ್ಕಿಂತ ಬಾಡಿಗೆ ಕೊಡುವವರ ಕೈಗೆ ಹೆಚ್ಚು ಬಲವಿದೆ.

ಆದ್ದರಿಂದ ಮಾತು ಮದುವೆ ಮಾಡುವ ಮನೆಯವರಿಗೆ. ಮುಂಗಡ ಕೊಡುವ ಮೊದಲು ಕಡಿವಾಣ ಬಿಚ್ಚಿಸಿ ಒಳಮೈ ಮೇಲೆ ಬೆರಳಾಡಿಸಿ. ನುಣುಪಾಗಿದ್ದರೆ ಹೊಟ್ಟೆಪಟ್ಟಿಗೆ ಕಟ್ಟಿದ ಪಟ್ಟಿಯನ್ನೂ ಬಿಚ್ಚಿಸಿ, ಡಿಜೆಯವರಿಗೆ ಕುದುರೆಯಿಂದ ದೂರ ನಿಲ್ಲಲು ಹೇಳಿ, ಲಗಾಮನ್ನು ಚಾಚಾನ ಕೈಗೇ ಬಿಡಿ. ಬೆರಳಿಗೆ ಮುಳ್ಳು ತಾಗಿದರೆ ಅವರ ಆ ದಿನದ ಖರ್ಚು ಕೊಟ್ಟು ಕುದುರೆಯನ್ನು ವಾಪಸು ಕಳಿಸಿ. ನಮ್ಮೂರಲ್ಲಿ ಹನುಮಾನ ಗುಡಿಯಿಂದ ಮದುವೆ ಮಂಟಪಕ್ಕೆ ನಡೆದರೆ ಹತ್ತು ನಿಮಿಷದ ದಾರಿ.